ಬ್ರೇಕ್ ಮಾಮ ಬದಲಾಯಿಸಿದ ದಾರಿ

ಶಾಲೆಯ ಏಳನೇ ನಂಬರಿನ ಬಸ್ಸಿನ ಡ್ರೈವರನಿಗೆ ಮಕ್ಕಳು ಇಟ್ಟಿದ್ದ ಹೆಸರು ಬ್ರೇಕ್ ಮಾಮ. ಅವನು ಬ್ರೇಕು ಒತ್ತಿದರೆ ಬಸ್ಸು ನಿಂತದ್ದೇ ಗೊತ್ತಾಗುತ್ತಿರಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆರೆದಿಟ್ಟುಕೊಂಡು ಕೂತ ಮಗುವಿನ ಅಂಗಿಯ ಮೇಲೂ ಒಂದು ಹನಿ ಬೀಳುತ್ತಿರಲಿಲ್ಲ. "ಏನಯ್ಯಾ, ಬಸ್ಸಲ್ಲಿ ಮೊಟ್ಟೆ ತುಂಬ್ಕೊಂಡು ಹೋಗ್ತಿದ್ದೀಯಾ?" ಎಂದು ಬೇರೆ ಡ್ರೈವರುಗಳು ರೇಗಿಸುತ್ತಿದ್ದರು. ಅವನು ಮೀಸೆಯಡಿಯಲ್ಲೇ ನಗುತ್ತಿದ್ದ.

ಇದೇ ಮನುಷ್ಯ ಮೊದಲು ಹದಿನಾಲ್ಕು ವರ್ಷ ಲಾರಿ ಓಡಿಸಿದವನು. ಹೋದರೆ ಹತ್ತು ದಿನ, ಬಂದರೆ ಎರಡು ದಿನ, ಆ ಎರಡು ದಿನವೂ ನಿದ್ದೆ. ಹೆಂಡತಿ ಮನೆಯ ಕಷ್ಟಸುಖ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಗೊರಕೆ ಶುರುವಾಗಿರುತ್ತಿತ್ತು. ಅವರಿಬ್ಬರೂ ಜಗಳವಾಡಿ ಬೇರೆಯಾದವರಲ್ಲ, ಜಗಳವಾಡಲೂ ಪುರುಸೊತ್ತು ಸಿಗದೆ ಬೇರೆಯಾದವರು. ಕೋರ್ಟಿನಲ್ಲಿ ಸಹಿ ಹಾಕುವಾಗ ಇಬ್ಬರೂ ಒಂದೇ ಪೆನ್ನಿನಲ್ಲಿ ಹಾಕಿದರು. ಪೆನ್ನು ಅವಳದು. ಅವನ ಜೇಬಿನಲ್ಲಿ ಎಂದಿನಂತೆ ಪೆನ್ನು ಇರಲಿಲ್ಲ.

ಮದುವೆಯಾಗಿದ್ದಾಗ ಅವನನ್ನು "ರೀ" ಎಂದು ಕರೆಯುತ್ತಿದ್ದವಳು ಆಮೇಲೆ "ನೋಡಿ" ಎಂದು ಮಾತು ಶುರು ಮಾಡತೊಡಗಿದಳು. ಅವನಿಗೆ ಕೋರ್ಟಿನ ಕಾಗದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಅದು.

ಮಗಳು ತಾಯಿಯ ಹತ್ತಿರ ಉಳಿದಳು. ಹುಟ್ಟಿದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಅಪ್ಪ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದ. ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಪಿಟೀಲು ಅವನ ಪಾಲು. ಮೊದಲ ಭಾನುವಾರಕ್ಕೆಂದು ಅವನು ಶನಿವಾರವೆಲ್ಲ ನೆಲ ಉಜ್ಜಿದ, ಹೊಸ ದಿಂಬು ತಂದ, ಬಣ್ಣದ ಪೆನ್ಸಿಲುಗಳ ದೊಡ್ಡ ಡಬ್ಬಿ ತಂದ. ಏಳು ವರ್ಷದ ಹುಡುಗಿ ಬಂದು ಕುರ್ಚಿಯ ತುದಿಯಲ್ಲಿ, ಗೊತ್ತಿಲ್ಲದ ನೆಂಟರ ಮನೆಗೆ ಬಂದವಳ ಹಾಗೆ ಕೂತಳು. ಸ್ವಲ್ಪ ಹೊತ್ತಿಗೆ, "ಅಪ್ಪಾ, ನಾನು ಬಾತ್‌ರೂಮಿಗೆ ಹೋಗ್ಬೋದಾ?" ಎಂದು ಕೇಳಿದಳು.

ತನ್ನ ಮಗಳು, ತನ್ನ ಮನೆ, ಬಚ್ಚಲಿಗೆ ಹೋಗಲು ಅಪ್ಪಣೆ! ತಿಂಗಳಿಗೆ ಎರಡು ಸಲ ಸಿಗುವ ಅಪ್ಪ ಅಪ್ಪನಾಗುವುದಿಲ್ಲ, ಬರೀ ಹಬ್ಬದೂಟವಾಗುತ್ತಾನೆ ಎಂದು ಅವನಿಗೆ ಅವತ್ತೇ ಹೊಳೆಯಿತು. ಮರುದಿನವೇ ಲಾರಿ ಬಿಟ್ಟ. ಮಗಳ ಶಾಲೆಯಲ್ಲಿ ಬಸ್ ಡ್ರೈವರನ ಕೆಲಸ ಖಾಲಿ ಇದೆಯೆಂದು ಗೊತ್ತಾಗಿ ಅರ್ಜಿ ಹಾಕಿದ. ಸಂಸಾರವಿದ್ದಾಗ ಮನೆಗೆ ಬಾರದವನು ಸಂಸಾರ ಮುಗಿದ ಮೇಲೆ ದಿನಾ ಸಂಜೆ ಐದೂವರೆಗೆ ಮನೆ ಸೇರುವಂತಾದ. ವಿಧಿಗೆ ಇಂಥ ತಮಾಷೆಗಳೆಂದರೆ ಬಹಳ ಇಷ್ಟ.

ಕೆಲಸಕ್ಕೆ ಸೇರುವ ಮೊದಲು ಮಗಳ ತಾಯಿಯನ್ನು ಕೇಳಿದ. ಅದೊಂದು ಬುದ್ಧಿ ಅವನಿಗಿತ್ತು.

"ನೋಡಿ, ನಂದೇನೂ ಅಡ್ಡಿ ಇಲ್ಲ," ಅಂದಿದ್ದಳು ಅವಳು. "ಅವಳಿಗೂ ಖುಷಿಯಾಗುತ್ತೆ. ಆದ್ರೆ ಬಸ್ಸಲ್ಲಿ ನೀವು ಡ್ರೈವರ್ ಅಷ್ಟೇ. ನಮ್ಮ ವಿಷಯ ಬಸ್ಸಿಗೆ ತರಬೇಡಿ. ಅದ್ರಿಂದ ಅವಳಿಗೆ ಏನಾದ್ರೂ ತೊಂದರೆ ಆಯ್ತು ಅಂದ್ರೆ ನಾನು ಬೇರೆ ಬಸ್ಸಿಗೆ ಹಾಕ್ಬಿಡ್ತೀನಿ."

"ಆಯ್ತು," ಅಂದಿದ್ದ ಅವನು. ಪಕ್ಕದ ಕೋಣೆಯ ಬಾಗಿಲ ಹಿಂದೆ ಮಗಳು ನಿಂತಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲ ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಬಸ್ಸು ಬೆಳಿಗ್ಗೆ ಆರೂ ನಲವತ್ತಕ್ಕೆ ಶೆಡ್ಡಿನಿಂದ ಹೊರಡಬೇಕು. ಖಾಲಿಯಾಗಿ ಊರಿನ ಆ ತುದಿಯವರೆಗೂ ಹೋಗಿ, ಅಲ್ಲಿಂದ ಮಕ್ಕಳನ್ನು ಹತ್ತಿಸಿಕೊಳ್ಳುತ್ತ ಹಿಂದಕ್ಕೆ ಬರಬೇಕು. ಪಿಟೀಲು ಹತ್ತುವುದು ಕೊನೆಯ ಸ್ಟಾಪಿನಲ್ಲಿ, ಎಂಟು ಗಂಟೆಗೆ. ಅಲ್ಲಿಂದ ಶಾಲೆಗೆ ಹದಿನೈದು ನಿಮಿಷ. ಸಂಜೆ ಅವಳೇ ಮೊದಲು ಇಳಿಯುತ್ತಿದ್ದಳು, ಆಗಲೂ ಹದಿನೈದು ನಿಮಿಷ. ಬಸ್ಸು ತುಂಬ ಮಕ್ಕಳ ಗಲಾಟೆ, ಅದರ ಮಧ್ಯೆ ಕನ್ನಡಿಯಲ್ಲಿ ಅವಳ ಎರಡು ಜಡೆ ಕಂಡರೆ ಕಂಡಿತು, ಇಲ್ಲವಾದರೆ ಇಲ್ಲ.

ಮನುಷ್ಯನಿಗೆ ಬೆರಳು ಸಿಕ್ಕರೆ ಹಸ್ತವೂ ಬೇಕೆನಿಸುತ್ತದೆ. ದಿನಾ ಬೆಳಿಗ್ಗೆ ಆರೂ ಐವತ್ತಕ್ಕೆ ಖಾಲಿ ಬಸ್ಸು ಮಗಳ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಎರಡನೆಯ ಮಹಡಿಯಲ್ಲಿ ಅವಳು ಮಲಗುವ ಕೋಣೆಯ ಕಿಟಕಿ. ಹೇಗೂ ಇಲ್ಲೇ ಹೋಗುತ್ತೇನಲ್ಲ, ಆಗಲೇ ಹತ್ತಿಸಿಕೊಂಡರೆ ಏನು ಗಂಟು ಹೋಗುತ್ತದೆ ಎಂದು ಅವನ ತಲೆಗೆ ಬಂತು. ತಲೆಗೆ ಬಂದದ್ದು ಅಲ್ಲೇ ಇದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಹೊಸ ವರ್ಷ ಶಾಲೆ ಶುರುವಾಗುವಾಗ ದಾರಿಯ ಪಟ್ಟಿ ಬರೆದುಕೊಡುವುದು ಡ್ರೈವರುಗಳ ಕೆಲಸ. ಅವನು ಮಗಳ ಸ್ಟಾಪನ್ನು ಬೆಳಿಗ್ಗೆ ಮೊದಲು ಹಾಕಿದ, ಸಂಜೆ ಕೊನೆಗೆ ಹಾಕಿದ. ಕಾರಣವೆಂಬ ಜಾಗದಲ್ಲಿ 'ವಾಹನ ದಟ್ಟಣೆ' ಎಂದು ದುಂಡಗೆ ಬರೆದ. ಬಸ್ಸುಗಳ ಉಸ್ತುವಾರಿ ನೋಡುವ ಸಾಹೇಬರು ಕನ್ನಡಕ ಕೂಡ ಹಾಕಿಕೊಳ್ಳದೆ ಸಹಿ ಮಾಡಿದರು.

ಹೀಗೆ ಹದಿನೈದು ನಿಮಿಷದ ಮಗಳು ಒಂದೂಕಾಲು ಗಂಟೆಗೂ ಮಿಕ್ಕಿದ ಮಗಳಾದಳು. ಅದರಲ್ಲೂ ಸಂಜೆ ಎಲ್ಲ ಮಕ್ಕಳೂ ಇಳಿದ ಮೇಲೆ ಖಾಲಿ ಬಸ್ಸಿನಲ್ಲಿ ಅಪ್ಪ, ಮಗಳು, ಮಕ್ಕಳನ್ನು ಹತ್ತಿಸಿ ಇಳಿಸುವ ಸೀಟಿಯಮ್ಮ ಮೂವರೇ ಉಳಿಯುತ್ತಿದ್ದರು. ಬಸ್ಸು ಹಿಂದಕ್ಕೆ ತೆಗೆಯುವಾಗ ಊರಿಗೇ ಕೇಳುವ ಹಾಗೆ ಸೀಟಿ ಊದುವುದರಿಂದ ಆಕೆಗೆ ಆ ಹೆಸರು. ಬೆಳಗಿನ ಹೊತ್ತು ಮಾತ್ರ ಪಿಟೀಲು ಅಪ್ಪನ ಹಿಂದಿನ ಸೀಟಿನಲ್ಲಿ ಬ್ಯಾಗನ್ನು ತಬ್ಬಿಕೊಂಡು ನಿದ್ದೆ ಹೋಗುತ್ತಿದ್ದಳು. ಕನ್ನಡಿಯಲ್ಲಿ ಅದನ್ನು ನೋಡಿ ಅವನು ಹಿಗ್ಗುತ್ತಿದ್ದ. ಎಷ್ಟು ನೆಮ್ಮದಿಯಿಂದ ಮಲಗಿದ್ದಾಳೆ, ಎಲ್ಲ ನನ್ನ ಬ್ರೇಕಿನ ಗುಣ ಅಂದುಕೊಳ್ಳುತ್ತಿದ್ದ. ಮಗುವಿಗೆ ನಿದ್ದೆ ಸಾಲುತ್ತಿಲ್ಲ ಎಂಬುದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸಾಹೇಬರು ಅವನನ್ನು ಕರೆಸಿದರು.

"ಒಬ್ಬರು ತಾಯಿ ಕಾಗದ ಬರ್ದಿದ್ದಾರೆ. ಹುಡುಗಿ ಎರಡನೇ ಪೀರಿಯಡ್ಡಲ್ಲೇ ನಿದ್ದೆ ಮಾಡ್ತಾಳಂತೆ, ಟೀಚರು ಡೈರೀಲಿ ಬರ್ದಿದ್ದಾರಂತೆ. ಆರೂ ಐವತ್ತಕ್ಕೆ ಯಾಕೆ ಹತ್ತಿಸ್ಕೋತೀರಾ ಅಂತ ಕೇಳಿದ್ದಾರೆ." ಸಾಹೇಬರು ಹೆಸರು ನೋಡಿ ತಲೆ ಎತ್ತಿದರು. "ಇದು ನಿನ್ನ ಮಗಳಲ್ವೇನಯ್ಯಾ?"

"ಹೌದು ಸಾರ್."

"ಹೋಗ್ಲಿ ಬಿಡು. ಟ್ರಾಫಿಕ್ ಅಂತ ನಾನೇ ಉತ್ತರ ಬರ್ದು ಕಳಿಸ್ತೀನಿ. ಆಫೀಸಿನ ಕಾಗದ ಅಂದ್ರೆ ಯಾರೂ ಮುಂದೆ ಕೇಳಲ್ಲ."

ಎಷ್ಟು ಸಲೀಸು! ತುಟಿ ಪಿಟಕ್ಕೆನ್ನದೆ ಸುಮ್ಮನಿದ್ದರೆ ಸಾಕಿತ್ತು. "ಎರಡು ದಿನ ತಡೀರಿ ಸಾರ್," ಎಂದು ಅವನು ಹೊರಗೆ ಬಂದ. ಯಾಕೆ ಹಾಗೆಂದೆ ಎಂದು ಅವನಿಗೇ ಗೊತ್ತಾಗಲಿಲ್ಲ.

ಅವತ್ತು ಸಂಜೆ ಬಸ್ಸು ಖಾಲಿಯಾದ ಮೇಲೆ, ಒಂದು ಮರದ ನೆರಳಲ್ಲಿ ನಿಲ್ಲಿಸಿ ಹಿಂದಕ್ಕೆ ತಿರುಗಿದ.

"ಪಿಟೀಲು, ಕ್ಲಾಸಲ್ಲಿ ನಿದ್ದೆ ಬರುತ್ತೇನೋ ನಿಂಗೆ?"

ಅವಳು ಒಮ್ಮೆ ಸೀಟಿಯಮ್ಮನನ್ನು, ಒಮ್ಮೆ ಅಪ್ಪನನ್ನು ನೋಡಿದಳು. "ಸ್ವಲ್ಪ. ನೀನೇನೂ ಹೆದರ್ಬೇಡ ಅಪ್ಪಾ, ನಾನು ಹೇಳಿಲ್ಲ."

"ಏನು ಹೇಳಿಲ್ಲ?"

"ನೀನೇ ಸ್ಟಾಪ್ ಬದಲಾಯಿಸಿದ್ದು ಅಂತ. ಬಸ್ಸು ಎಂಟು ಗಂಟೆಗೆ ವಾಪಸ್ ನಮ್ಮನೆ ಮುಂದೇನೇ ಹೋಗುತ್ತಲ್ಲ? ಆಗ್ಲೂ ಹತ್ಬೋದಿತ್ತು. ಅಮ್ಮ ಕೇಳಿದ್ಲು, ನಂಗೆ ಬೇಗ ಏಳೋದು ಅಂದ್ರೆ ಇಷ್ಟ ಅಂತ ಹೇಳ್ದೆ."

ಮಧ್ಯೆ ಸೀಟಿಯಮ್ಮ ಬಾಯಿ ಹಾಕಿದಳು. "ಅಯ್ಯೋ ಶಿವನೇ! ಅದಕ್ಕೇನಾ ದಿನಾ ಆ ಮನೆ ಹತ್ರ ಬಂದಾಗ ಸೀಟಿನ ಕೆಳಗೆ ತಲೆ ಬಗ್ಗಿಸ್ತಿದ್ದೆ? ನಾನು ಆಟ ಆಡ್ತೀಯ ಅಂದ್ಕೊಂಡಿದ್ನಲ್ಲೇ!"

"ಅಮ್ಮ ಆ ಹೊತ್ತಿಗೆ ಬಾಲ್ಕನೀಲಿ ಬಟ್ಟೆ ಒಣಗಿಸ್ತಿರ್ತಾಳೆ," ಅಂದಳು ಪಿಟೀಲು, ತೀರ ಸಹಜವಾಗಿ. "ನಾನು ಕಂಡ್ರೆ ಅವಳಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ನನ್ನ ಬೇರೆ ಬಸ್ಸಿಗೆ ಹಾಕ್ಬಿಡ್ತಾಳೆ. ಹಾಗಂತ ನಿಂಗೆ ಹೇಳಿದ್ಲಲ್ಲ?"

ಆ ತಲೆ ಕೆಳಗಿಳಿಯುವುದನ್ನು ಅವನೂ ನೋಡಿದ್ದ. ದಿನಾ ಅದೇ ತಿರುವಿನಲ್ಲಿ ಕನ್ನಡಿಯಿಂದ ಎರಡು ಜಡೆ ಮಾಯವಾಗುತ್ತಿದ್ದವು. ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದ. ಎರಡು ತಿಂಗಳು ಎಂಟು ವರ್ಷದ ಮಗು ತನ್ನ ಸ್ವಂತ ಮನೆಯ ಮುಂದೆ, ಸ್ವಂತ ತಾಯಿಯ ಕಣ್ಣಿಗೆ ಬೀಳದ ಹಾಗೆ ಕಳ್ಳಿಯಂತೆ ಬಗ್ಗಿ ಕೂತಿತ್ತು. ಕಲಿಸಿದವನು ಅವನು. ಬಾಯಿ ಬಿಟ್ಟು ಹೇಳಿ ಕಲಿಸಿರಲಿಲ್ಲ ಅನ್ನುವುದೊಂದೇ ಸಮಾಧಾನ, ಅದೂ ಸಮಾಧಾನವಾಗಲಿಲ್ಲ.

ಮಗಳನ್ನು ಇಳಿಸಿ ಶೆಡ್ಡಿಗೆ ಬರುವಾಗ ಸೀಟಿಯಮ್ಮ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದಳು.

"ಬೇಡಮ್ಮ. ಗೊತ್ತಾಯ್ತು," ಅಂದ ಅವನು.

ಮಗಳ ತಾಯಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ಬಂದವರಿಗೆ ಚೀಟಿ ಬರೆದುಕೊಡುವುದು, ಫೋನು ಎತ್ತುವುದು, ಹೆದರಿದವರಿಗೆ ಧೈರ್ಯ ಹೇಳುವುದು ಅವಳ ಕೆಲಸ. ಮರುದಿನ ಮಧ್ಯಾಹ್ನ ಎರಡು ಟ್ರಿಪ್ಪುಗಳ ನಡುವಿನ ಬಿಡುವಿನಲ್ಲಿ ಅವನು ಅಲ್ಲಿಗೆ ಹೋದ. ಗೋಡೆಯುದ್ದಕ್ಕೂ ನೀಲಿ ಕುರ್ಚಿಗಳು, ಒಳಗಿನಿಂದ ಜುಂಯ್ ಎಂಬ ಸದ್ದು, ಆ ಸದ್ದಿಗೆ ಮುದುಡಿ ಕೂತ ಮೂರು ಜನ. ಅವಳು ತಲೆಯೆತ್ತಿ ನೋಡಿ, "ಯಾವ ಹಲ್ಲು?" ಅಂದಳು.

"ಹಲ್ಲು ಚೆನ್ನಾಗಿದೆ. ಒಂದು ಮಾತು ಹೇಳ್ಬೇಕಿತ್ತು."

"ಇಲ್ಲೇ ಹೇಳಿ. ಫೋನ್ ಬಿಟ್ಟು ಬರೋ ಹಾಗಿಲ್ಲ."

ಹೇಳಿದ. ಪಟ್ಟಿ ಬರೆದದ್ದು ತಾನೇ, ವಾಹನ ದಟ್ಟಣೆ ಎಂಬುದು ಸುಳ್ಳು, ಮಗಳಿಗೆ ಅದು ಮೊದಲಿನಿಂದಲೂ ಗೊತ್ತು, ಅವಳು ತಲೆ ಬಗ್ಗಿಸುತ್ತಿದ್ದದ್ದು, ಬೇಗ ಏಳುವುದು ಇಷ್ಟ ಎಂದು ಅವಳು ಹೇಳಿದ್ದೂ ಸುಳ್ಳು. ಮೇಜಿನ ಹತ್ತಿರದ ಕುರ್ಚಿಯಲ್ಲಿ ಕೆನ್ನೆ ಊದಿಸಿಕೊಂಡು, ಟವಲು ಒತ್ತಿ ಹಿಡಿದು ಕೂತಿದ್ದ ದಪ್ಪ ಮನುಷ್ಯರೊಬ್ಬರು ಹಲ್ಲುನೋವು ಮರೆತು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು.

ಅವಳು ಪೆನ್ನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಅವಳಿಗೆ ನಿಜವಾಗಿ ಸಿಟ್ಟು ಬಂದಾಗ ಎಲ್ಲವನ್ನೂ ಮೆಲ್ಲಗೆ ಇಡುತ್ತಾಳೆ ಎಂದು ಅವನಿಗೆ ಗೊತ್ತು.

"ನನ್ನ ಮಗಳು ನನಗೆ ಸುಳ್ಳು ಹೇಳಿದ್ಲಾ?"

"ನನಗೋಸ್ಕರ."

"ರೀ, ನಿಮಗೆ ಅವಳ ಜೊತೆ ಇನ್ನಷ್ಟು ಹೊತ್ತು ಬೇಕಿದ್ರೆ ನನ್ನ ಕೇಳ್ಬೋದಿತ್ತಲ್ಲ!"

ಹಳೆಯ ಆ ಒಂದಕ್ಷರ ಬಾಯಿ ತಪ್ಪಿ ಹೊರಬಿದ್ದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ಇದ್ದರು.

"ಕೇಳಿದ್ರೆ ಇಲ್ಲ ಅಂತೀಯೇನೋ ಅಂತ..."

"ಇಲ್ಲ ಅಂತಲೇ ಅಂತಿದ್ದೆ. ಆದ್ರೂ ಕೇಳ್ಬೇಕಿತ್ತು. ನಾನೂ ನೀವೂ ಜಗಳ ಆಡ್ಬೇಕಿತ್ತು. ಅದನ್ನ ಬಿಟ್ಟು ಇಬ್ಬರ ಮಧ್ಯೆ ಅವಳನ್ನ ತಲೆ ಬಗ್ಗಿಸಿ ಕೂರಿಸಿದ್ರಿ."

ಊದಿದ ಕೆನ್ನೆಯವರು ಟವಲಿನ ಸಮೇತ ತಲೆಯಾಡಿಸಿದರು. ಒಳಗಿನಿಂದ ಡಾಕ್ಟರು ಅವರ ನಂಬರು ಕೂಗಿದರು. ಇರಲಿ, ಮುಂದಿನವರು ಹೋಗಲಿ ಎಂದು ಅವರು ಕೈಸನ್ನೆ ಮಾಡಿದರು.

"ತಪ್ಪಾಯ್ತು," ಅಂದ ಅವನು. ಹದಿಮೂರು ವರ್ಷದ ಪರಿಚಯದಲ್ಲಿ ಈ ಮಾತನ್ನು ಅವನು ಅವಳ ಮುಖ ನೋಡಿ ಹೇಳಿದ್ದು ಅದೇ ಮೊದಲು. "ನೀನು ಬೇರೆ ಬಸ್ಸಿಗೆ ಹಾಕಿದ್ರೂ ನಾನು ಏನೂ ಅನ್ನಲ್ಲ. ಅವಳಿಗೆ ಮಾತ್ರ ಬೈಬೇಡ."

ಅವಳು ಬಹಳ ಹೊತ್ತು ಚೀಟಿಗಳ ಕಟ್ಟನ್ನು ಸರಿಮಾಡಿದಳು. ಅದು ಮೊದಲೇ ಸರಿಯಾಗಿತ್ತು. "ಸಂಜೆ ನಾನು ಕೆಳಗೆ ಬಂದಿರ್ತೀನಿ. ನೀವೂ ಬಸ್ಸಿಂದ ಇಳೀರಿ. ಆಮೇಲೆ ನೋಡೋಣ," ಅಂದಳು.

ಆ ಸಂಜೆ ದಾರಿ ಸವೆಯಲೇ ಇಲ್ಲ. ಕನ್ನಡಿಯಲ್ಲಿ ಪಿಟೀಲು ಸೀಟಿಯಮ್ಮನಿಗೆ ಯಾವುದೋ ಗೆಳತಿಯ ಹಾಗೆ ನಡೆದು ತೋರಿಸಿ ನಗುತ್ತಿದ್ದಳು. ಇದು ನಾಳೆಯಿಂದ ಇರುವುದೋ ಇಲ್ಲವೋ ಎಂದು ಅವನು ಕಣ್ತುಂಬ ನೋಡಿಕೊಂಡ. ಅವತ್ತೊಂದೇ ದಿನ ಅವನ ಬ್ರೇಕು ಎರಡು ಸಲ ಜಗ್ಗಿತು.

ಬಸ್ಸು ನಿಂತಾಗ ಮನೆಯ ಗೇಟಿನ ಹತ್ತಿರ ಮಗಳ ತಾಯಿ ಕೈಕಟ್ಟಿ ನಿಂತಿದ್ದಳು. ಅವನು ಇಂಜಿನು ಆರಿಸಿ ತನ್ನ ಬಾಗಿಲಿನಿಂದ ಇಳಿದು ಬಂದ. ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ ಪಿಟೀಲು ಇಬ್ಬರೂ ಅಕ್ಕಪಕ್ಕ ನಿಂತಿರುವುದನ್ನು ಕಂಡು ಅಲ್ಲೇ ನಿಂತಳು.

"ಅಮ್ಮಾ, ಅಪ್ಪಂದು ತಪ್ಪಿಲ್ಲ," ಎಂದು ಒಂದೇ ಉಸಿರಿಗೆ ಶುರುಮಾಡಿದಳು. "ನಾನೇ ಹೇಳಿದ್ದು. ನಾನೇ ಬೇಗ ಹತ್ತಿಸ್ಕೋ ಅಂತ ಅಳ್ತಾ ಕೂತೆ. ಅಪ್ಪ ಬೇಡ ಬೇಡ ಅಂದ. ನಾನೇ ಹಟ ಮಾಡ್ದೆ."

ಅಷ್ಟು ಅಚ್ಚುಕಟ್ಟಾದ ಸುಳ್ಳು ಅಲ್ಲೇ ಆಗಲೇ ಹುಟ್ಟಿದ್ದಲ್ಲ. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಾಯಿಪಾಠ ಮಾಡಿಟ್ಟುಕೊಂಡದ್ದು. ಅಪ್ಪ ಅಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋರ್ಟಿನಲ್ಲಿ ಕೂಡ ಹಾಗೆ ನೋಡಿಕೊಂಡಿರಲಿಲ್ಲ.

ಅವನು ಬಸ್ಸಿನ ಮೆಟ್ಟಿಲ ಮೇಲೆ ಕೂತು ಮಗಳನ್ನು ಹತ್ತಿರ ಎಳೆದುಕೊಂಡ. "ಪಿಟೀಲು, ನಾನೇ ಅಮ್ಮನ ಹತ್ರ ಹೋಗಿ ಎಲ್ಲಾ ಹೇಳ್ಬಿಟ್ಟೆ."

ಅವಳು ಅಮ್ಮನ ಕಡೆ ತಿರುಗಿದಳು. "ಎಲ್ಲಾನಾ?"

"ಎಲ್ಲಾ."

"ನಾನು ತಲೆ ಬಗ್ಗಿಸ್ತಿದ್ದಿದ್ದೂ?"

"ಅದೂ ಹೇಳಿದ್ರು ಕಂದಾ."

ಆಗ ಅವಳು ಅತ್ತಳು. ಎರಡು ತಿಂಗಳಿನದೆಲ್ಲ ಸೇರಿಸಿ, ಅಪ್ಪನ ಅಂಗಿಯ ತೋಳನ್ನು ಒಂದು ಕೈಯಲ್ಲಿ, ಅಮ್ಮನ ಸೆರಗನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅತ್ತಳು. ಮೇಲಿನ ಮನೆಯವರು ಕಿಟಕಿಯಿಂದ ಇಣುಕಿದರು. ಸೀಟಿಯಮ್ಮ ಅವರತ್ತ ತಿರುಗಿ, ಏನೂ ಇಲ್ಲ ಒಳಗೆ ಹೋಗಿ ಎನ್ನುವಂತೆ ಕೈಬೀಸಿ, ತಾನೂ ಕಣ್ಣೊರೆಸಿಕೊಂಡಳು.

"ಕೇಳು," ಅಂದಳು ಅಮ್ಮ, ಅವಳ ಮೂಗು ಒರೆಸುತ್ತ. "ನಾನೂ ಅಪ್ಪನೂ ಏನಾದ್ರೂ ಮಾಡ್ಕೋತೀವಿ. ಬೈದಾಡ್ಕೋತೀವಿ, ಮಾತು ಬಿಡ್ತೀವಿ. ಅದು ನಮ್ಮ ತಲೆನೋವು. ಅಪ್ಪನ ಗುಟ್ಟು ನೀನು ಕಾಯ್ಬೇಡ. ನನ್ನ ಗುಟ್ಟೂ ಕಾಯ್ಬೇಡ. ನಿಜ ಹೇಳಿದ್ರೆ ಯಾರೂ ನಿನ್ನಿಂದ ಅಪ್ಪನ್ನ ಕಿತ್ಕೊಳ್ಳಲ್ಲ."

ಕೊನೆಯ ಆ ಮಾತು ಕೇಳಿ ಅವನಿಗೆ ನಿನ್ನೆಯಿಂದ ಎದೆಯ ಮೇಲೆ ಕೂತಿದ್ದದ್ದು ಇಳಿಯಿತು.

ಪಿಟೀಲು ಬಿಕ್ಕುವುದನ್ನು ನಿಲ್ಲಿಸಿದಳು. "ಏನು ನಿಜ ಹೇಳಿದ್ರೂ ಬೈಯಲ್ವಾ?"

"ಬೈಯಲ್ಲ."

"ಅಪ್ಪಾ, ನಿನ್ನ ಮನೇಲಿ ಭಾನುವಾರ ತುಂಬಾ ಬೋರಾಗುತ್ತೆ. ನೀನು ಸುಮ್ನೆ ನನ್ನ ಮುಖಾನೇ ನೋಡ್ತಾ ಕೂತಿರ್ತೀಯ. ಅಮ್ಮಾ, ಅಪ್ಪನ ಫೋನ್ ಬಂದಾಗ ನೀನು ಮುಖ ಗಂಟು ಹಾಕ್ಕೋತೀಯ. ಆಮೇಲೆ ಅಪ್ಪ ಏನಂದ ಅಂತ ನನ್ನೇ ಕೇಳ್ತೀಯ. ನಂಗಿಷ್ಟ ಇಲ್ಲ."

ಇಬ್ಬರೂ ಕಕ್ಕಾಬಿಕ್ಕಿಯಾದರು. ಮೊದಲು ನಕ್ಕವಳು ಅಮ್ಮ. ಆಮೇಲೆ ಅವನೂ ನಕ್ಕ, ಆದರೆ ಆ ನಗೆಯಲ್ಲಿ ಇಬ್ಬರಿಗೂ ಸಾಕಷ್ಟು ನಾಚಿಕೆಯಿತ್ತು.

"ಇನ್ನೂ ಇದೆಯೇನೇ?" ಅಂದಳು ಅಮ್ಮ.

"ಬೆಳಿಗ್ಗೆ ನಂಗೆ ನಿದ್ದೆ ಬೇಕು. ಸಂಜೆ ಮಾತ್ರ ಕೊನೇವರೆಗೂ ಬಸ್ಸಲ್ಲಿ ಹೋಗ್ಬೇಕು. ಅದು ಸುಳ್ಳಲ್ಲ. ನಂಗೇ ಬೇಕು."

ಅಮ್ಮ ಅವನ ಮುಖ ನೋಡಿದಳು. ಅವನು ಮೊದಲು ಅರ್ಥವಾಗದೆ ಪಿಳಿಪಿಳಿ ಕಣ್ಣುಬಿಟ್ಟ. ಆಮೇಲೆ ಅರ್ಥವಾಯಿತು. ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, ಸಾಹೇಬರ ಮುಂದೆ ನಿಂತವನಂತೆ ಕೇಳಿದ.

"ಸಂಜೆ ಇವಳ ಸ್ಟಾಪು ಕೊನೇಲೇ ಇರ್ಬೋದಾ?"

"ಇರ್ಬೋದು," ಅಂದಳು ಅವಳು. "ಐದು ಗಂಟೆ ದಾಟಬಾರ್ದು. ದಾಟಿದ್ರೆ ಫೋನ್ ಮಾಡ್ಬೇಕು."

ಮರುದಿನ ಅವನು ಹೊಸ ಪಟ್ಟಿ ಬರೆದ. ಕಾರಣವೆಂಬ ಜಾಗದಲ್ಲಿ 'ಮಗು ಮಲಗಬೇಕು' ಎಂದು ಬರೆದ. ಈ ಸಲ ಸಾಹೇಬರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಮಾಡಿದರು.

ಸೋಮವಾರ ಆರೂ ನಲವತ್ತಕ್ಕೆ ಖಾಲಿ ಬಸ್ಸು ಶೆಡ್ಡಿನಿಂದ ಹೊರಟಿತು. ರಸ್ತೆಯಲ್ಲಿ ಹಾಲಿನ ವ್ಯಾನೊಂದು ಬಿಟ್ಟರೆ ಯಾರೂ ಇರಲಿಲ್ಲ. ಮಗಳ ಮನೆಯ ತಿರುವು ಬಂದಾಗ ಅವನ ಕಾಲು ತಾನಾಗಿ ಬ್ರೇಕಿನ ಕಡೆಗೆ ಹೋಯಿತು, ಅವನೇ ತಡೆದ. ಎರಡನೆಯ ಮಹಡಿಯ ಕಿಟಕಿಗೆ ಪರದೆ ಎಳೆದಿತ್ತು. ಹಿಂದಿನ ಸೀಟು ಖಾಲಿ, ಕನ್ನಡಿಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಇಂಜಿನಿನ ಸದ್ದು ಜೋರಾಗದ ಹಾಗೆ ಕಾಲಿನ ಭಾರ ಇಳಿಸಿ, ಇಡೀ ಬಸ್ಸನ್ನು ಆ ಕಿಟಕಿಯ ಕೆಳಗೆ ತುದಿಗಾಲಲ್ಲಿ ನಡೆಸಿಕೊಂಡು ಹೋದ. ಮೇಲೆ ಮಗಳು ಮಲಗಿದ್ದಳು.